ಬರ್ಟಿ ಟಾಲಿಯ ಕೊನೆಯ ಸಾಲು

ಥಾರ್ನ್‌ಸೀ ಊರಿನಲ್ಲಿ ಬರ್ಟ್ರಮ್ ಟಾಲಿಯ ಮುಖ ನೋಡದವರಿರಲಿಲ್ಲ. ಎಲ್ಲಿ ನೋಡಿದ್ದು ಎಂದು ನೆನಪಿದ್ದವರೂ ಇರಲಿಲ್ಲ. ಮೀನಿನಂಗಡಿಯವನು ಅವನನ್ನು ಗ್ಯಾಸ್ ಕಂಪನಿಯವನು ಎಂದುಕೊಂಡಿದ್ದ. ಅಂಚೆ ಕಚೇರಿಯ ಹೆಂಗಸು ತನ್ನ ತಂಗಿಯನ್ನು ಬಿಟ್ಟು ಓಡಿಹೋದವನು ಇವನೇ ಎಂದು ಬಗೆದು, ಸ್ಟಾಂಪನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಎಸೆಯುತ್ತಿದ್ದಳು. ಬಸ್ಸಿನಲ್ಲಿ ಎದುರು ಕುಳಿತವರು ಬಹಳ ಹೊತ್ತು ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ಲ?" ಎನ್ನುತ್ತಿದ್ದರು. ಆಗ ಬರ್ಟಿ ಬಾಯಿಬಿಟ್ಟು ಉತ್ತರ ಕೊಡುತ್ತಿರಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ದವಡೆ ಸಡಿಲ ಬಿಟ್ಟು ಕೂರುತ್ತಿದ್ದ.

"ಅಯ್ಯೋ ಹೌದು! ಕಳೆದ ಗುರುವಾರ! ಕಾಲುವೇಲಿ ತೇಲ್ತಾ ಇದ್ದೋರು ನೀವೇ ಅಲ್ವಾ?"

ಅದೇ ಅವನ ಕಸುಬು. ಟೆಲಿವಿಷನ್ನಿನ ಪತ್ತೇದಾರಿ ಧಾರಾವಾಹಿಗಳಲ್ಲಿ, ನೋಡುವವರು ಟೀ ಕಪ್ಪು ಹಿಡಿದು ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ ಸಿಗುವ ಹೆಣ ಅವನು. ಗ್ರಂಥಾಲಯದಲ್ಲಿ ಸತ್ತಿದ್ದ, ಗಾಲ್ಫ್ ಮೈದಾನದಲ್ಲಿ ಸತ್ತಿದ್ದ, ಪಾದ್ರಿಯ ಹೂದೋಟದಲ್ಲಂತೂ ಬೇರೆ ಬೇರೆ ಧಾರಾವಾಹಿಗಳಿಗಾಗಿ ಮತ್ತೆ ಮತ್ತೆ ಸತ್ತಿದ್ದ. ನಿರ್ದೇಶಕರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಏಕೆಂದರೆ ಅವನು ಕೆಮ್ಮುತ್ತಿರಲಿಲ್ಲ, ಕಣ್ಣು ಮಿಟುಕಿಸುತ್ತಿರಲಿಲ್ಲ, ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನಲ್ಲಿ ಹ್ಯಾಮ್ ಕಡಿಮೆಯಾಯಿತೆಂದು ಜಗಳಕ್ಕೂ ಬರುತ್ತಿರಲಿಲ್ಲ.

ಅವನ ಹೆಂಡತಿ ವಿನ್ನಿಗೆ ಮಾತ್ರ ಒಂದು ಗುಟ್ಟು ಗೊತ್ತಿತ್ತು. ಬರ್ಟಿ ಸತ್ತಂತೆ ನಟಿಸುವಾಗ ಅವನ ಎಡಗೈಯ ಕಿರುಬೆರಳು ಒಮ್ಮೆ ಸಣ್ಣಗೆ ಅಲುಗುತ್ತಿತ್ತು. ಟೆಲಿವಿಷನ್ ಮುಂದೆ ಕುಳಿತು ಅವಳು ಬೇರೇನನ್ನೂ ನೋಡುತ್ತಿರಲಿಲ್ಲ, ಆ ಬೆರಳನ್ನೇ ನೋಡುತ್ತಿದ್ದಳು. ಬೆರಳು ಅಲುಗಿದ ಮೇಲೆ, "ಸರಿ, ಬದುಕಿದಾನೆ" ಎಂದು ಎದ್ದು ಆಲೂಗೆಡ್ಡೆ ಬೇಯಿಸಲು ಹೋಗುತ್ತಿದ್ದಳು. ಗಂಡ ಪಕ್ಕದ ಕುರ್ಚಿಯಲ್ಲೇ ಬಿಸ್ಕತ್ತು ತಿನ್ನುತ್ತಿದ್ದರೂ ಆ ಖಾತರಿ ಅವಳಿಗೆ ಬೇಕಿತ್ತು.

ವಿನ್ನಿ, ಊರಿನ ಸಮುದ್ರದಂಡೆಯ ಪೆವಿಲಿಯನ್ ರಂಗಮಂದಿರದಲ್ಲಿ ಪೋಷಾಕಿನ ಕೋಣೆಯ ಒಡತಿ. ಸದಾ ತುಟಿಗಳ ನಡುವೆ ಒಂದು ಸಾಲು ಗುಂಡುಪಿನ್ನು. ಆ ಪಿನ್ನುಗಳನ್ನು ಕಚ್ಚಿಕೊಂಡೇ ಅವಳು ಮ್ಯಾನೇಜರನಿಂದ ಹಿಡಿದು ನಾಯಕಿಯವರೆಗೆ ಎಲ್ಲರಿಗೂ ಮಂಗಳಾರತಿ ಎತ್ತುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಒಂದು ಪಿನ್ನೂ ಬಾಯಿಂದ ಜಾರಿ ಬಿದ್ದದ್ದಿಲ್ಲ.

ಬರ್ಟಿಯನ್ನು ಅವಳು ಮೆಚ್ಚಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಊರೂರು ಸುತ್ತುವ ಕಂಪನಿಯೊಂದರಲ್ಲಿ ಅವನಿಗೆ ಬಟ್ಲರನ ಪಾತ್ರವಿತ್ತು, ಒಂದೇ ಮಾತು: "ಗಾಡಿ ಬಾಗಿಲಿಗೆ ಬಂದಿದೆ, ಒಡತಿ." ಸೈಡ್‌ವಿಂಗಿನಲ್ಲಿ, ರಂಗದ ಪಕ್ಕದ ಮರೆಯಲ್ಲಿ, ಯಾರದೋ ಲಂಗದ ಅಂಚು ಹೊಲಿಯುತ್ತ ಕುಳಿತಿದ್ದ ವಿನ್ನಿಗೆ, ಪುಡಿಂಗಿನ ಮೇಲೆ ಬಿಸಿ ಕಸ್ಟರ್ಡ್ ಸುರಿದಂತಿದ್ದ ಆ ದನಿ ಕೇಳಿ ಸೂಜಿ ಬೆರಳಿಗೆ ಚುಚ್ಚಿತು. ತಿಂಗಳೊಪ್ಪತ್ತಿನಲ್ಲಿ ಮದುವೆಯಾಯಿತು. ಆಮೇಲೆ ಅವನು ಬಟ್ಲರನಿಂದ ವೈದ್ಯನಾದ, ವೈದ್ಯನಿಂದ ನ್ಯಾಯಾಧೀಶನಾದ. ಆ ನ್ಯಾಯಾಧೀಶನಲ್ಲೇ ಎಡವಟ್ಟಾಯಿತು. ಗಿರಣಿಗಳ ಊರೊಂದರಲ್ಲಿ, ತುಂಬಿದ ಸಭೆಯ ಮುಂದೆ, ಅಪರಾಧಿಗೆ ಶಿಕ್ಷೆ ಹೇಳಬೇಕಾದ ಹೊತ್ತಿಗೆ ಅವನಿಗೆ ಮಾತು ಮರೆತುಹೋಯಿತು. ಮರೆಯಲ್ಲಿ ನಾಟಕದ ಪ್ರತಿ ಹಿಡಿದು ಕುಳಿತ ಪ್ರಾಂಪ್ಟರ್ ಹೇಳಿಕೊಟ್ಟ. ಮತ್ತೆ ಹೇಳಿಕೊಟ್ಟ. ಇನ್ನೊಮ್ಮೆ ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಮೇಲಿನ ಗ್ಯಾಲರಿಯಿಂದ ಯಾರೋ, "ಇಲ್ಲೀ ತನಕ ಕೇಳಿಸ್ತಪ್ಪಾ, ನಿಂಗ್ ಕೇಳಿಸ್ಲಿಲ್ವಾ?" ಎಂದು ಕೂಗಿದರು. ಬರ್ಟಿ ನ್ಯಾಯಾಧೀಶನ ಕೂದಲಿನ ಟೋಪನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟ. ಅಪರಾಧಿ ಬಚಾವಾದ, ನ್ಯಾಯಾಧೀಶನ ಬಾಯಿಗೆ ಬೀಗ ಬಿತ್ತು.

ಅಂದಿನಿಂದ ಅವನು ಮಾತಿರುವ ಪಾತ್ರವನ್ನು ಒಪ್ಪಲಿಲ್ಲ. ಹೆಣ, ಪ್ರಜ್ಞೆ ತಪ್ಪಿದ ರೋಗಿ, ಮೌನವ್ರತದ ಸನ್ಯಾಸಿ, ಅರಮನೆಯ ಬಾಗಿಲಲ್ಲಿ ನಿಂತ ಕಾವಲುಗಾರ. ಜನ, "ಪಾಪ, ಒಳ್ಳೇ ನಟ, ನಸೀಬಿಲ್ಲ" ಎಂದು ಲೊಚಗುಟ್ಟುತ್ತಿದ್ದರು. ನಸೀಬು ಬಾಗಿಲು ತಟ್ಟಿದಾಗೆಲ್ಲ ಇವನೇ ಮನೆಯಲ್ಲಿಲ್ಲ ಎಂದು ಹೇಳಿಸುತ್ತಿದ್ದನೆಂಬುದು ವಿನ್ನಿಗೆ ಮಾತ್ರ ಗೊತ್ತಿತ್ತು. ಅವಳು ಬೈಯಲಿಲ್ಲ, ಕೆಣಕಲಿಲ್ಲ. ಆದರೆ ಅವಳಿಗೊಂದೇ ಆಸೆ ಉಳಿದಿತ್ತು: ಸಾಯುವುದರೊಳಗೆ ಇನ್ನೊಂದು ಸಲ ಸೈಡ್‌ವಿಂಗಿನಲ್ಲಿ ನಿಂತು ಆ ದನಿ ಕೇಳಬೇಕು. ಅಡುಗೆಮನೆಯಲ್ಲಿ "ಉಪ್ಪು ಎಲ್ಲಿಟ್ಟಿದೀಯ?" ಎಂದು ಕೇಳುವ ದನಿ ಅವಳಿಗೆ ಲೆಕ್ಕಕ್ಕಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್ಸಿಗೆ ಪೆವಿಲಿಯನ್ನಿನಲ್ಲಿ ಎಂದಿನಂತೆ ಪ್ಯಾಂಟೊಮೈಮ್ ಎಂಬ, ಹಾಡು ಹಾಸ್ಯ ಗದ್ದಲಗಳ ಮಕ್ಕಳ ನಾಟಕ. ಹಾಲು ಮಾರುವ ಮುದುಕಿ, ಅವಳ ಹಸು, ಆ ಹಸುವನ್ನು ಕಿತ್ತುಕೊಳ್ಳಲು ಹೊಂಚು ಹಾಕುವ ಜಮೀನುದಾರ. ಮುದುಕಿಯ ಪಾತ್ರ ಯಾವಾಗಲೂ ಗಂಡಸಿನದೇ. ಲಂಗ ತೊಟ್ಟು, ಕೆನ್ನೆಗೆ ಕೆಂಪು ಮೆತ್ತಿಕೊಂಡು ಅವನು ಬರದಿದ್ದರೆ ಮಕ್ಕಳು ಟಿಕೆಟ್ಟಿನ ದುಡ್ಡು ವಾಪಸ್ ಕೇಳುತ್ತವೆ. ಆ ಸಲ ಮುದುಕಿಯಾಗಲು ಬಂದವನು ಟೆಲಿವಿಷನ್ನಿನ ಹೆಸರಾಂತ ನಗೆಗಾರ ಡಿಕಿ ಫಾಲೋಸ್. ಬರ್ಟಿಗೆ ಸಿಕ್ಕಿದ್ದು ಹಸುವಿನ ಹಿಂಭಾಗ. ಬಗ್ಗಿ ನಡೆಯಬೇಕು, ಬಾಲ ಆಡಿಸಬೇಕು, ಅಂಬಾ ಎನ್ನುವ ಜವಾಬ್ದಾರಿ ಕೂಡ ಮುಂಭಾಗದವನದು. ಅವನಿಗೆ ಪರಮ ಸಂತೋಷವಾಗಿತ್ತು.

ಡಿಕಿ ಫಾಲೋಸ್ ದೊಡ್ಡ ಮನುಷ್ಯ, ಅಳತೆ ಕೊಡಲು ಬರಲೇ ಇಲ್ಲ. "ನಿನ್ ಗಂಡನ ಹಾಗೇ ಇದೀನಿ, ಅವನ ಮೇಲೇ ಅಳತೆ ನೋಡಿ ಹೊಲಿದುಬಿಡಮ್ಮ" ಎಂದು ಫೋನಿನಲ್ಲಿ ಹೇಳಿಬಿಟ್ಟ. ಹಾಗಾಗಿ ನವೆಂಬರ್ ಪೂರ್ತಿ ಬರ್ಟಿ ಮನೆಯ ಗ್ಯಾಸ್ ಒಲೆಯ ಮುಂದೆ ರಾಶಿ ಲಂಗಗಳಲ್ಲಿ ನಿಂತು ತಿರುಗಬೇಕಾಯಿತು. ಹಾಲಿನವನು ಒಮ್ಮೆ ಕಿಟಕಿಯಲ್ಲಿ ನೋಡಿ ಬಾಟಲಿಯನ್ನು ಗೇಟಿನ ಹತ್ತಿರವೇ ಇಟ್ಟು ಹೋದ.

ನಾಟಕಕ್ಕೆ ಇನ್ನು ಕೆಲವೇ ದಿನ ಇರುವಾಗ ಡಿಕಿ ಸಮುದ್ರದಂಡೆಯ ರಸ್ತೆಯಲ್ಲಿ ಹೆಪ್ಪುಗಟ್ಟಿದ ಮಂಜಿನ ಮೇಲೆ ಜಾರಿ ಕಾಲು ಮುರಿದುಕೊಂಡ. ಮ್ಯಾನೇಜರ್ ರೋಬಾಟಮ್ ಪೋಷಾಕಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದ.

"ಮುಗೀತು, ಮಿಸೆಸ್ ಟಾಲಿ. ಬೇರೆ ನಟ ಸಿಗಬಹುದು. ಆದರೆ ಈ ಬಟ್ಟೆಗಳನ್ನೆಲ್ಲ ಮತ್ತೆ ಬಿಚ್ಚಿ ಹೊಲಿಯೋಕೆ ಟೈಮ್ ಎಲ್ಲಿದೆ? ಇವು ಇನ್ಯಾರಿಗೆ ಆಗ್ತವೆ?"

"ಬರ್ಟಿಗಾಗ್ತವೆ," ಎಂದಳು ವಿನ್ನಿ ಪಿನ್ನುಗಳ ಸಂದಿಯಿಂದ. "ಅವನ ಮೈ ಮೇಲೇ ತಾನೇ ಹೊಲಿದಿರೋದು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ರೋಬಾಟಮ್ ನಿಧಾನವಾಗಿ ತಿರುಗಿ, ಮೂಲೆಯಲ್ಲಿ ಎರಡು ಕಾಲಿನ ಹಸುವಾಗಿ ಕುಳಿತು ಟೀ ಹೀರುತ್ತಿದ್ದ ಬರ್ಟಿಯನ್ನು ನೋಡಿದ. ಬರ್ಟಿ ಅಭ್ಯಾಸಬಲದಿಂದ ಸತ್ತಂತೆ ಕುಳಿತ. ರೋಬಾಟಮ್ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ.

ಮನೆಗೆ ಬಂದ ಮೇಲೆ ಸಣ್ಣ ಯುದ್ಧವೇ ನಡೆಯಿತು.

"ನಿಂಗೆ ನನ್ನ ಮೇಲೆ ಏನು ಹಗೆ ಇತ್ತು, ವಿನ್ನಿ? ಹಸು ಒಳಗೆ ಎಷ್ಟು ನೆಮ್ಮದಿಯಾಗಿದ್ದೆ!"

"ಜೀವಮಾನ ಪೂರ್ತಿ ಹಸು ಹಿಂದೆ ಬಗ್ಗಿಕೊಂಡೇ ಇರ್ತೀಯಾ?"

"ಇರ್ತೀನಿ! ಅಲ್ಲಿ ಯಾರೂ ನನ್ನ ಮುಖ ನೋಡ್ಕೊಂಡು ಕಾಯ್ತಾ ಕೂತಿರಲ್ಲ." ಅವನು ಬೆನ್ನು ತಿರುಗಿಸಿದ. "ಮತ್ತೆ ಮರೆತುಹೋದ್ರೆ?"

ವಿನ್ನಿಗೆ ಪಾಪ ಅನ್ನಿಸಿತು. ಆದರೆ ಆಗಲೇ ಗೋಡೆಗೋಡೆಗೆ ಹೊಸ ಪೋಸ್ಟರ್ ಅಂಟಿಸುತ್ತಿದ್ದರು, ಅದರಲ್ಲಿ ಅವನ ಹೆಸರಿತ್ತು. ಹೆಣಗಳ ಹೆಸರನ್ನು ಯಾರೂ ಪೋಸ್ಟರಿನಲ್ಲಿ ಹಾಕುವುದಿಲ್ಲ. ಅವನು ರಸ್ತೆಯ ತಿರುವಿನಲ್ಲಿ ನಿಂತು ಅದನ್ನು ಕದ್ದು ಓದುವುದನ್ನು ಅವಳು ನೋಡಿದ್ದಳು.

ಮಾತುಗಳನ್ನು ಕಲಿಯುವುದಕ್ಕೆ ಅವನಿಗೆ ಗೊತ್ತಿದ್ದುದು ಒಂದೇ ದಾರಿ: ಗಟ್ಟಿಯಾಗಿ ಹೇಳಿ ಹೇಳಿ ಬಾಯಿಗೆ ರೂಢಿ ಮಾಡಿಸುವುದು. ವಿನ್ನಿ ಇಸ್ತ್ರಿ ಮಾಡುತ್ತ ಜಮೀನುದಾರನಾದಳು, ಹಸುವಾದಳು, ನಾಯಕಿಯಾದಳು. ನೆನಪಿಗೆ ಬಾರದ ಜಾಗಗಳಿಗೆ ಹಳೆಯ ನಟರ ಉಪಾಯವಿತ್ತು. ಬಾಣಲೆಯ ತಳಕ್ಕೆ, ಹಾಲಿನ ಕ್ಯಾನಿನ ಮುಚ್ಚಳಕ್ಕೆ, ಬೀಸಣಿಗೆಯ ಒಳಮೈಗೆ ಚೀಟಿ ಅಂಟಿಸಿದರು. ಹಸುವಿನ ಬೆನ್ನ ಮೇಲೂ ಒಂದಿತ್ತು. ಮುದುಕಿ ಮಾತು ಮರೆತಾಗಲೆಲ್ಲ ಹಸುವನ್ನು ಪ್ರೀತಿಯಿಂದ ತಡವುತ್ತಿದ್ದಳು.

ಉಳಿದದ್ದು ಕೊನೆಯ ಎರಡು ಸಾಲು. ಪ್ಯಾಂಟೊಮೈಮಿನ ಜನ ಬೇರೆ ಯಾವುದನ್ನು ಬಿಟ್ಟರೂ ಈ ಪದ್ಧತಿ ಬಿಡುವುದಿಲ್ಲ: ನಾಟಕ ಮುಗಿಸುವ ಜೋಡಿ ಪ್ರಾಸವನ್ನು ತಾಲೀಮಿನಲ್ಲಿ ಹೇಳಕೂಡದು. ಮೊದಲ ಆಟದ ದಿನ, ಜನರ ಮುಂದೆಯೇ ಅದು ಮೊದಲ ಬಾರಿಗೆ ಬಾಯಿಂದ ಹೊರಡಬೇಕು. ಮುಂಚೆ ಹೇಳಿದರೆ ಆಟಕ್ಕೆ ಕೇಡು. ಪೆವಿಲಿಯನ್ನಿನಲ್ಲಂತೂ ಅದನ್ನು ಪ್ರಾಂಪ್ಟರನ ಪ್ರತಿಯಲ್ಲಿ ಕೂಡ ಬರೆಯುತ್ತಿರಲಿಲ್ಲ. ಈ ಸಲದ ಸಾಲುಗಳನ್ನು ಕಟ್ಟಿದ್ದವನು ಡಿಕಿ ಫಾಲೋಸ್. ಬರ್ಟಿ ಆಸ್ಪತ್ರೆಗೆ ದ್ರಾಕ್ಷಿ ಹಿಡಿದು ಹೋಗಿ, ಬಗ್ಗಿ, ಕಿವಿಯಲ್ಲಿ ಹೇಳಿಸಿಕೊಂಡು ಬಂದ.

"ಒಂದೇ ಒಂದು ಸಲ ಹೇಳಿ ನೋಡ್ತೀನಿ," ಎಂದು ಅಂಗಲಾಚಿದ. "ಬಚ್ಚಲುಮನೇಲಿ. ನಲ್ಲಿ ಬಿಟ್ಕೊಂಡು."

"ಹೇಳಿದ್ಯೋ, ನಿನ್ನ ಹಲ್ಲುಸೆಟ್ಟು ಬಚ್ಚಿಟ್ಟುಬಿಡ್ತೀನಿ," ಎಂದಳು ವಿನ್ನಿ. ದೇವರ ವಿಷಯದಲ್ಲಿ ಅಷ್ಟೇನೂ ಕಟ್ಟುನಿಟ್ಟಿಲ್ಲದ ಅವಳು ರಂಗಭೂಮಿಯ ಪದ್ಧತಿಯ ವಿಷಯದಲ್ಲಿ ಪೋಪನಿಗಿಂತ ಬಿಗಿ.

ಆದರೆ ಮಧ್ಯಾಹ್ನ ಊಟವಾದ ಮೇಲೆ ಬರ್ಟಿಗೆ ಕುರ್ಚಿಯಲ್ಲೇ ಜೋಂಪು ಹತ್ತುತ್ತಿತ್ತು. ಜೋಂಪಿನಲ್ಲಿ ತುಟಿ ಅಲುಗಿತು. ಎರಡೂ ಸಾಲು ಸ್ಪಷ್ಟವಾಗಿ ಹೊರಬಿದ್ದವು.  ವಿನ್ನಿ ಕಿವಿಗೆ ದಿಂಬು ಒತ್ತಿಕೊಂಡಳು, ಆದರೆ ಕೇಳಿದ್ದು ಕೇಳಿಯಾಗಿತ್ತು. ಆ ಸಾಲುಗಳನ್ನು ನಾನೂ ಇಲ್ಲಿ ಹೇಳುವುದಿಲ್ಲ. ಪದ್ಧತಿ ಎಂದರೆ ಎಲ್ಲರಿಗೂ ಪದ್ಧತಿಯೇ.

ದೋಷಕ್ಕೆ ಪರಿಹಾರ ಅವಳಿಗೆ ಗೊತ್ತಿತ್ತು. ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ನಿಂತಲ್ಲೇ ಮೂರು ಸುತ್ತು ಸುತ್ತಿ, ಎಡಭುಜದ ಮೇಲಿಂದ ಉಗುಳಿ, ಬಾಗಿಲು ತಟ್ಟಿ, ಒಳಗೆ ಬರಲು ಅಪ್ಪಣೆ ಕೇಳಬೇಕು. ಗಂಡ ಮಲಗಿದ್ದರಿಂದ ಅಪ್ಪಣೆ ಕೊಡಲು ಬೆಕ್ಕು ಮಾತ್ರ ಇತ್ತು. ಅವನು ದಿನಾ ಜೋಂಪಿನಲ್ಲಿ ಗೊಣಗಿದ, ಅವಳು ದಿನಾ ಸುತ್ತಿದಳು. ಬೇಲಿಯಾಚೆಯ ಮಿಸ್ಟರ್ ಕ್ಲೆಗ್ ಒಂದು ದಿನ ತಡೆಯಲಾರದೆ ಕೇಳಿದ, "ಎಲ್ಲಾ ಸರಿಯಾಗಿದೆಯಾ, ಮಿಸೆಸ್ ಟಾಲಿ?"

"ಬೆನ್ನುನೋವಿಗೆ ವ್ಯಾಯಾಮ," ಎಂದಳು ವಿನ್ನಿ.

"ಉಗಿಯೋದೂನಾ?"

"ಅದು ಮುಖ್ಯವಾದ ಭಾಗ."

ಕ್ರಿಸ್‌ಮಸ್ಸಿನ ಮರುದಿನ ಮಧ್ಯಾಹ್ನ ಮೊದಲ ಆಟ. ಮಂದಿರ ಕಿಕ್ಕಿರಿದಿತ್ತು. ಬರ್ಟಿ ರಂಗದ ಮೇಲೆ ಹೋಗುವ ಮೊದಲು ವಿನ್ನಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅವಳ ಉಂಗುರ ಬೆರಳಿಗೆ ಒತ್ತಿ ಗುರುತಾಯಿತು. ಹೋದ. ಕೀರಲು ಮುದುಕಿಯ ದನಿಯಲ್ಲಿ ಬಾಣಲೆ ನೋಡಿ ಮಾತಾಡಿದ, ಬೀಸಣಿಗೆ ನೋಡಿ ಬೈದ, ಹಸುವನ್ನು ತಡವಿ ಅತ್ತ. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕವು. "ಹಿಂದೆ! ನಿನ್ನ ಹಿಂದೆ!" ಎಂದು ಅವು ಕಿರುಚಿದಾಗ ಜಮೀನುದಾರನನ್ನು ಬಿಟ್ಟು ಎಲ್ಲ ದಿಕ್ಕಿಗೂ ತಿರುಗಿ ನೋಡಿದ. ಸೈಡ್‌ವಿಂಗಿನಲ್ಲಿ ವಿನ್ನಿ ಅವನು ಒಂದೊಂದು ಚೀಟಿ ದಾಟಿದಾಗಲೂ ಒಂದೊಂದು ಬೆರಳು ಮಡಿಸಿದಳು.

ಕೊನೆಗೆ ಎಲ್ಲರೂ ಸಾಲಾಗಿ ನಿಂತರು. ಬರ್ಟಿ ಅತಿ ದೊಡ್ಡ ಲಂಗದಲ್ಲಿ ಮುಂದೆ ಬಂದ. ಬಾಣಲೆ ಇಲ್ಲ, ಬೀಸಣಿಗೆ ಇಲ್ಲ, ಹಸು ದೂರದಲ್ಲಿದೆ.

"ಕೆಟ್ಟವರೆಲ್ಲ ಸೋತುಹೋದ್ರು, ಒಳ್ಳೇವ್ರಿಗೆ ಗೆಲುವಾಯ್ತು…"

ಅಷ್ಟೇ. ಮುಂದಿನದು ಇಲ್ಲ. ಮಕ್ಕಳು ಕಾದವು.  ಪ್ರಾಂಪ್ಟರ್ ಖಾಲಿ ಹಾಳೆ ಮಗುಚಿ ನೋಡಿ ತಲೆ ಮೇಲೆ ಕೈ ಹೊತ್ತ. ಆ ಸಾಲು ಗೊತ್ತಿದ್ದ ಇನ್ನೊಬ್ಬ ಆಸ್ಪತ್ರೆಯಲ್ಲಿ ಕಾಲು ಮೇಲೆತ್ತಿ ಮಲಗಿದ್ದ. ಬರ್ಟಿಯ ಕಣ್ಣು ಸೈಡ್‌ವಿಂಗಿನ ಕಡೆ ಹೊರಳಿತು. ಇನ್ನೇನು ಓಡಿಹೋಗುತ್ತಾನೆ ಎಂದು ವಿನ್ನಿ ಕಣ್ಣು ಮುಚ್ಚಿದಳು.

ಅವನು ಓಡಲಿಲ್ಲ. ತನಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸ ಮಾಡಿದ. ಎದೆ ಹಿಡಿದುಕೊಂಡು, ಅರ್ಧ ಸುತ್ತು ತಿರುಗಿ, ದೊಪ್ಪನೆ ಬಿದ್ದು ಸತ್ತ.

ಮಕ್ಕಳು ಚಪ್ಪಾಳೆ ತಟ್ಟಿದವು. ವಿನ್ನಿ ಕಣ್ಣು ತೆರೆದು ಕಿರುಬೆರಳು ಹುಡುಕಿದಳು. ಕೈ ಎಲ್ಲಿದೆ? ಲಂಗದ ಕೆಳಗೆ ಲಂಗ, ಅದರ ಕೆಳಗೆ ಇನ್ನೊಂದು ಲಂಗ, ಎಲ್ಲ ಅವಳೇ ಹೊಲಿದದ್ದು; ಆ ರಾಶಿಯಲ್ಲಿ ಎಡಗೈ ಮುಳುಗಿಹೋಗಿತ್ತು. ಬೆರಳು ಕಾಣದೆ ಅವಳು ಗಂಡನ ಸಾವನ್ನು ನೋಡಿದ್ದು ಅದೇ ಮೊದಲು. ಅವನಿಗೆ ಅರವತ್ತು ದಾಟಿತ್ತು. ತಾನೇ ಕೊಂದುಬಿಟ್ಟೆ ಅನ್ನಿಸಿತು. ಮುಂದೇನು ಎಂದು ಯೋಚಿಸದೆ, ಕುತ್ತಿಗೆಯಲ್ಲಿ ಅಳತೆಪಟ್ಟಿ, ಬಾಯಲ್ಲಿ ಪಿನ್ನು, ಕಾಲಲ್ಲಿ ಉಣ್ಣೆ ಚಪ್ಪಲಿಯ ವಿನ್ನಿ ಟಾಲಿ ಜೀವನದಲ್ಲಿ ಮೊದಲ ಸಲ ರಂಗದ ಬೆಳಕಿಗೆ ಓಡಿದಳು.

"ಬರ್ಟಿ! ಬರ್ಟೀ!" ಮಂಡಿಯೂರಿ ಲಂಗಗಳನ್ನು ಒಂದೊಂದಾಗಿ ಎತ್ತಿ ಕೈ ಹುಡುಕಿದಳು. ಮಕ್ಕಳು ಬಿದ್ದುಬಿದ್ದು ನಕ್ಕವು. ಕೈ ಸಿಕ್ಕಿತು. ಕಿರುಬೆರಳು ಅಲುಗಿತು.

ಒಂದು ಕಣ್ಣು ತೆರೆದ ಬರ್ಟಿ ಪಿಸುಗುಟ್ಟಿದ, "ಮುಂದಿನ ಸಾಲು."

"ನಿನ್ನ ಮನೆ ಹಾಳಾಗ! ನನ್ನ ಜೀವಾನೇ ಹೋಗಿತ್ತು!" ಇದು ಇಡೀ ಸಭೆಗೆ ಕೇಳಿಸಿತು. ಅವನ ಜೋಂಪಿನಲ್ಲಿ ದಿನಾ ಕೇಳಿ ಬಾಯಿಪಾಠವಾಗಿದ್ದ ಮುಂದಿನ ಸಾಲನ್ನು ಅವಳು ಅವನ ಕಿವಿಯಲ್ಲಿ ಹೇಳಿದಳು. ಬರ್ಟಿ ಎದ್ದು ನಿಂತು, ಮುದುಕಿಯ ಕೀರಲು ದನಿಯಲ್ಲಿ ಹೇಳಿ ಮುಗಿಸಿದ:

"ಕಿವಿಗೆ ಟೋಪಿ ಎಳ್ಕೊಂಡ್‌ಬಿಡಿ, ಮನೆಗೆ ಹೋಗೋ ಹೊತ್ತಾಯ್ತು!"

ಚಪ್ಪಾಳೆಗೆ ಚಾವಣಿಯ ಧೂಳು ಉದುರಿತು. ರೋಬಾಟಮ್ ಹೊಳೆಯುವ ಕಣ್ಣಿನಿಂದ ಓಡಿಬಂದ. "ನಾಳೆಯಿಂದ ದಿನಾ ಹೀಗೇ! ಬೀಳೋದು, ಹೆಂಡತಿ ಬರೋದು, ಲಂಗ ಎತ್ತೋದು! ಮಿಸೆಸ್ ಟಾಲಿ, ಗಟ್ಟಿಯಾಗಿ ಮಾತ್ರ ಮಾತಾಡ್ಬೇಡಿ. ಮಾತಾಡಿದ್ರೆ ನಟರ ಸಂಘದವರು ಸದಸ್ಯತ್ವದ ಕಾರ್ಡ್ ಎಲ್ಲಿ ಅಂತಾರೆ. ಪಿಸುಗುಟ್ಟೋದಕ್ಕೆ ಏನೂ ಬೇಕಾಗಿಲ್ಲ."

ಹೀಗೆ ಜನವರಿಯಿಡೀ ನಡೆಯಿತು. ಬರ್ಟಿ ಸತ್ತ, ವಿನ್ನಿ ಓಡಿದಳು, ಬೆರಳು ಅಲುಗಿತು, ಸಾಲು ಬಂತು. ಪತ್ರಿಕೆಯಲ್ಲಿ ಫೋಟೊ ಬಂತು. ಅಂಚೆ ಕಚೇರಿಯ ಹೆಂಗಸು ಸ್ಟಾಂಪನ್ನು ಕೈಗೇ ಕೊಟ್ಟಳು. ಆದರೆ ವಿನ್ನಿಗೆ ಒಳಗೊಳಗೇ ಏನೋ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ಹುರಿದ ಮೀನು ಬಡಿಸುತ್ತ ಕೇಳಿದಳು.

"ಕೊನೇ ಸಾಲು ಏನು, ಹೇಳು ನೋಡೋಣ."

ಬರ್ಟಿ ಮುಳ್ಳು ಬಿಡಿಸುತ್ತ ಒಂದಕ್ಷರ ತಪ್ಪದೆ ಹೇಳಿದ.

"ಮತ್ತೆ ಅಲ್ಲಿ?"

"ಅಲ್ಲಿ ನಿಂತ್ರೆ ಬರಲ್ಲ ಕಣೇ. ನೀನು ಬಂದು ಕೂತ್ರೆ ಬರುತ್ತೆ." ಅವನು ನಕ್ಕ. "ಬಿಡು, ಜನಕ್ಕೂ ಇಷ್ಟ ಆಗಿದೆಯಲ್ಲ."

ಅವಳು ನಗಲಿಲ್ಲ. ಬಾಣಲೆಯ ತಳದ ಚೀಟಿಯ ಹಾಗೆ ತಾನೂ ಒಂದು ಚೀಟಿಯಾಗಿಬಿಟ್ಟೆ ಅನ್ನಿಸಿತು ಅವಳಿಗೆ. ಇನ್ನೊಂದು ಪಾತ್ರ ಬಂದರೆ, ಅದರಲ್ಲಿ ಉಣ್ಣೆ ಚಪ್ಪಲಿಯ ಹೆಂಡತಿಗೆ ಜಾಗವಿಲ್ಲದಿದ್ದರೆ, ಮತ್ತೆ ಕಾಲುವೆಯಲ್ಲಿ ಹೆಣವಾಗಿ ತೇಲುವುದೇ ಅವನಿಗೆ ಗತಿ. ಅದೂ ಅಲ್ಲದೆ, ಈ ತಿಂಗಳಿಡೀ ಅವಳು ಕೇಳಿದ್ದು ಮುದುಕಿಯ ಕೀರಲು ದನಿ. ಅವಳಿಗೆ ಬೇಕಾದದ್ದು ಇನ್ನೂ ಬಂದಿರಲಿಲ್ಲ.

ಕೊನೆಯ ಆಟದ ದಿನ ಬರ್ಟಿ ಎಂದಿನಂತೆ ಮೊದಲ ಸಾಲು ಹೇಳಿದ, ಎದೆ ಹಿಡಿದ, ಸತ್ತ. ಮಕ್ಕಳು ಸೈಡ್‌ವಿಂಗಿನತ್ತ ತಿರುಗಿದವು. ಯಾರೂ ಬರಲಿಲ್ಲ.

"ಹೋಗಿ, ಹೋಗಿ!" ಎಂದು ರೋಬಾಟಮ್ ಹಿಂದಿನಿಂದ ತಳ್ಳಿದ. ವಿನ್ನಿ ತೆರೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಬಾಯಿತುಂಬ ಪಿನ್ನಿದೆ ಎಂದು ಬೆರಳಿನಲ್ಲಿ ತೋರಿಸಿದಳು.

ಬರ್ಟಿ ಒಂದು ಕಣ್ಣು ತೆರೆದ. ಅವಳು ಅಲ್ಲೇ ನಿಂತಿದ್ದಾಳೆ. ಕಣ್ಣಲ್ಲೇ ಕರೆದ. ಅವಳು ತಲೆಯಾಡಿಸಿದಳು: ಇಲ್ಲ. ಕಿರುಬೆರಳನ್ನು ಲಂಗದ ಹೊರಗೆ ಚಾಚಿ ಆಡಿಸಿದ. ಇಲ್ಲ. ಮಂದಿರ ಪೂರ್ತಿ ನಿಶ್ಶಬ್ದವಾಯಿತು, ಆ ಗಿರಣಿ ಊರಿನಲ್ಲಿ ಆದಂಥದ್ದೇ ನಿಶ್ಶಬ್ದ.  ಹೋಗಿಬಿಡಲೇ ಎಂದು ವಿನ್ನಿಗೆ ಅನ್ನಿಸಿತು, ಹೆಜ್ಜೆಯನ್ನೂ ಎತ್ತಿದಳು, ಮತ್ತೆ ಇಟ್ಟಳು. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಮೆಲ್ಲಗೆ, "ಅಜ್ಜೀ, ಎದ್ದೇಳು" ಎಂದಳು.

ಅಜ್ಜಿ ಎದ್ದಳು. ಕೈಯೂರಿ, ಮಂಡಿಯೂರಿ, ನಿಧಾನವಾಗಿ. ಕೂದಲಿನ ಟೋಪು ಓರೆಯಾಗಿತ್ತು. ಬರ್ಟಿ ಅದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ಅಂದಿನಂತೆಯೇ ನಡೆದುಬಿಡುತ್ತಾನೆ ಎಂದುಕೊಂಡಳು ವಿನ್ನಿ. ಆದರೆ ಅವನು ನಡೆದುಹೋಗಲಿಲ್ಲ. ಸಭೆಯ ಕಡೆ ತಿರುಗಿ, ಕೀರಲು ದನಿಯನ್ನು ಬಿಟ್ಟು, ತನ್ನದೇ ದನಿಯಲ್ಲಿ, ಅವಸರವಿಲ್ಲದೆ ಹೇಳಿದ:

"ಕೆಟ್ಟವರೆಲ್ಲ ಸೋತುಹೋದ್ರು, ಒಳ್ಳೇವ್ರಿಗೆ ಗೆಲುವಾಯ್ತು;
ಕಿವಿಗೆ ಟೋಪಿ ಎಳ್ಕೊಂಡ್‌ಬಿಡಿ, ಮನೆಗೆ ಹೋಗೋ ಹೊತ್ತಾಯ್ತು."

ಆ ದನಿ ಇಷ್ಟು ವರ್ಷ ಎಲ್ಲಿತ್ತೋ, ಹಾಗೇ ಇತ್ತು, ಬೆಚ್ಚಗೆ, ಗಟ್ಟಿಯಾಗಿ. ಸೈಡ್‌ವಿಂಗಿನಲ್ಲಿ ಟಣ ಟಣ ಸದ್ದಾಯಿತು. ವಿನ್ನಿಯ ಬಾಯಿಂದ ಪಿನ್ನುಗಳೆಲ್ಲ ನೆಲಕ್ಕೆ ಬಿದ್ದಿದ್ದವು.

ತೆರೆ ಬಿದ್ದ ಮೇಲೆ ಬರ್ಟಿ ಬೆವರಿನಲ್ಲಿ ತೊಯ್ದು, ಲಂಗ ಎತ್ತಿ ಹಿಡಿದು ಅವಳ ಮುಂದೆ ಬಂದು ನಿಂತ.

"ಯಾಕೆ ಬರ್ಲಿಲ್ಲ ನೀನು? ಸತ್ತೇಹೋಗಿದ್ದೆ ನಾನು."

"ನೀನು ಸತ್ತಿದ್ದು ನಾನು ಎಷ್ಟು ಸಲ ನೋಡಿಲ್ಲ," ಎಂದಳು ವಿನ್ನಿ ಮೂಗು ಒರೆಸಿಕೊಳ್ಳುತ್ತ. "ಸರಿ, ಕಾಲೆತ್ತು. ಪಿನ್ನು ಬಿದ್ದಿದೆ, ಚುಚ್ಚುತ್ತೆ."

ಸೋಮವಾರ ಬೆಳಿಗ್ಗೆ ಲಂಡನ್ನಿನ ಏಜೆಂಟನ ಫೋನ್ ಬಂತು. ಹೊಸ ಪತ್ತೇದಾರಿ ಧಾರಾವಾಹಿ. ವೈನ್ ಇಡುವ ನೆಲಮಾಳಿಗೆ, ಮೆಟ್ಟಿಲ ಬುಡದಲ್ಲಿ ಹೆಣ, ಎರಡು ದಿನದ ಕೆಲಸ. ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದ ವಿನ್ನಿ ಚಾಕು ನಿಲ್ಲಿಸಿ ಕಿವಿಗೊಟ್ಟಳು.  ಪಡಸಾಲೆಯಲ್ಲಿ ಬರ್ಟಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಆಗಲಿ, ಮಾಡ್ತೀನಿ," ಎಂದ ಅವನು. "ಒಂದು ಕೇಳ್ಬೇಕಿತ್ತು. ಸಾಯೋಕೆ ಮುಂಚೆ ಅವನು ಏನಾದ್ರೂ ಮಾತಾಡ್ತಾನಾ?"